ಹಳ್ಳಕ್ಕೆ ಆರು ಸೇತುವೆ

ತಾಲ್ಲೂಕು ಕಚೇರಿಗೆ ಏಳನೆಯ ಸಾಹೇಬರು ಬಂದರು. ಬಂದ ದಿನವೇ ಗುಮಾಸ್ತನನ್ನು ಕರೆದು, ಹಳ್ಳದ ಸೇತುವೆಯ ಹೊಸ ಕಡತವನ್ನು ಮೇಜಿಗೆ ಕುಕ್ಕಿದರು.

"ಇದಕ್ಕೂ 'ಪ್ಲಾನ್' ಅಂತ ಹೆಸರಿಟ್ಟರೆ ಮೇಲಿನವರು ಮೂಸಿಯೂ ನೋಡಲ್ಲ. ಯಾರೂ ಬಳಸದ ಇಂಗ್ಲಿಷ್ ಪದ ಬೇಕು. ನಾಳೆಯೊಳಗೆ ತರದಿದ್ದರೆ ನಿನಗೆ ವರ್ಗ!"

ಗುಮಾಸ್ತ ಕಪಾಟು ತೆರೆದ. ಹಿಂದಿನ ಆರು ಸಾಹೇಬರೂ ಅದೇ ಸೇತುವೆಗೆ ಒಂದೊಂದು ಹೆಸರಿಟ್ಟು ಹೋಗಿದ್ದರು: ಪ್ಲಾನ್, ಸ್ಕೀಮ್, ಪ್ರಾಜೆಕ್ಟ್, ಪ್ರೋಗ್ರಾಮ್, ಪ್ರಪೋಸಲ್, ಬ್ಲೂಪ್ರಿಂಟ್. ನಕ್ಷೆ ಮಾತ್ರ ಒಂದೇ. ಹಳ್ಳಕ್ಕೆ ಒಂದು ಕಲ್ಲೂ ಬಿದ್ದಿರಲಿಲ್ಲ. ಹೋದ ವರ್ಷ ಆಚೆ ದಂಡೆಯ ಮುದುಕಿ ಬಾಳವ್ವನ ಮಗಳು ದಾಟಲು ಹೋಗಿ ಅಲ್ಲೇ ಕೊಚ್ಚಿಹೋಗಿದ್ದಳು.

ಮರುದಿನ ಗುಮಾಸ್ತ ಕೈಕಟ್ಟಿ ನಿಂತ. "ಪದ ಬಲ್ಲಾಕಿ ಒಬ್ಬಾಕಿ ಅದಾಳ್ರೀ, ಬಾಳವ್ವ ಅಂತ, ಹೆಬ್ಬೆಟ್ಟು ಒತ್ತೋ ಮುದುಕಿ. ಹಳ್ಳದ ಆಚಿ ದಂಡಿಗೆ ಇರ್ತಾಳ."

"ಹೆಬ್ಬೆಟ್ಟಿನ ಮುದುಕಿಗೆ ಇಂಗ್ಲಿಷೇ?"

"ಆರು ಸಾಹೇಬ್ರು ಕಲಿಸಿ ಹೋಗ್ಯಾರ್ರೀ."

ಜೀಪು ಹಳ್ಳದ ದಂಡೆಯಲ್ಲಿ ನಿಂತಿತು. ಕೆಂಪು ನೀರು ಸುಳಿ ಸುತ್ತುತ್ತ ಓಡುತ್ತಿತ್ತು.

"ದಾಟೋದು ಹೇಗಯ್ಯಾ?" ಎಂದು ಸಾಹೇಬರು ಸಿಡುಕಿದರು.

ಗುಮಾಸ್ತ ಜೀಪಿನಿಂದ ಆರು ಹಳೆಯ ಕಡತಗಳನ್ನು ತಂದು ಅವರ ಕಾಲಬುಡದಲ್ಲಿ ಸಾಲಾಗಿ ಇಟ್ಟ.

"ಒಂದಲ್ಲ, ಆರು ಸೇತುವೆ ಅದಾವ್ರೀ. ಯಾವುದರ ಮ್ಯಾಲೆ ದಾಟ್ತೀರಿ?"

ಸಾಹೇಬರು ಕಡತ ನೋಡಿದರು. ನೀರು ನೋಡಿದರು. ಬೂಟು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯಿತು.

ಆಚೆ ದಂಡೆಯಲ್ಲಿ, ಮಗಳು ಹೋದ ಜಾಗದಲ್ಲಿ ದಿನಾ ಕೂರುವ ಬಾಳವ್ವ ಜೀಪು ಕಂಡು ಎದ್ದು ನಿಂತಳು. ಹಣೆಗೆ ಕೈಯೊಡ್ಡಿ ನೋಡಿ ಕೂಗಿದಳು:

"ಸಾಹೇಬ್ರ, ಈ ಸಲ ಅದಕ್ಕ ಏನಂತ ಹೆಸರಿಟ್ರಿ?"