ಸೂಲಗಿತ್ತಿ ತಿಪ್ಪವ್ವನ ಹೊಸ ಮೊಣಕಾಲು

ಬಹಳ ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಕಾಲಕ್ಕೆ, ಗುಡ್ಡದ ಬುಡದಲ್ಲಿ ಒಂದೂರಿತ್ತಂತೆ. ಆ ಊರಿಗೆ ತಿಪ್ಪವ್ವ ಸೂಲಗಿತ್ತಿ. ಊರಿನ ಅರ್ಧ ಜನ ಅವಳ ಅಂಗೈಯಲ್ಲೇ ಮೊದಲು ಕಣ್ಣು ಬಿಟ್ಟವರು. ಇನ್ನರ್ಧ ಸೊಸೆಯರಾಗಿ ಬಂದವರು, ಅಷ್ಟೇ.

ಅಂಥವಳ ಮೊಣಕಾಲು ಸವೆದುಹೋಯಿತಂತೆ. ಎದ್ದರೆ ಕಟಕಟ, ಕೂತರೆ ಜೀವ ಹೋದಂತೆ. ಎಣ್ಣೆ ತಿಕ್ಕಿದಳು, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದಳು, ಹರಕೆ ಹೊತ್ತಳು. ಪಾಪ, ಯಾವುದೂ ನಾಟಲಿಲ್ಲ.

ಗುಡ್ಡದ ಮೇಲಿನ ಮನೆಯ ಸೊಸೆ ನೀಲವ್ವ ಆಗ ತುಂಬು ಬಸುರಿ. ತಿಪ್ಪವ್ವ ಗುಡ್ಡ ಹತ್ತಲಾರದೆ, ನೀಲವ್ವನ ಹಿಂದಿನ ಎರಡು ಕೂಸುಗಳು ಬೇರೆಯವರ ಕೈಯಲ್ಲಿ ಹುಟ್ಟುತ್ತಲೇ ತೀರಿಹೋಗಿದ್ದವು. ಇದನ್ನಾದರೂ ಉಳಿಸಿಕೊಡು ಅಂತ ನೀಲವ್ವ ಅತ್ತು ಹೇಳಿಕಳಿಸಿದಳಂತೆ. ತಿಪ್ಪವ್ವನನ್ನು ಹೊತ್ತುಕೊಂಡು ಹೋಗುತ್ತೇವೆ ಅಂದರು ಗಂಡಸರು. ಆದರೆ ಹೆರುವವಳು ಮನೆ ಬಿಡುವಂತಿಲ್ಲ, ಸೂಲಗಿತ್ತಿ ತನ್ನ ಕಾಲ ಮೇಲೇ ಬರಬೇಕು. ಆ ಊರಿನ ಕಟ್ಟಳೆ ಅದು. "ಹೆಗಲ ಮ್ಯಾಲೆ ಹೋಗೂದು ಹೆಣ. ಕೂಸು ಹುಟ್ಟೂ ಮನಿಗೆ ನಾ ಹಂಗ ಹೋಗಲೇನು?" ಅಂದಳಂತೆ ತಿಪ್ಪವ್ವ.

ಕೋಲೂರಿಕೊಂಡು ಬಡಿಗೇರ ಮೋನಪ್ಪನ ಹತ್ತಿರ ಹೋದಳು. ಬಂಡಿಯ ಅಚ್ಚು ಸವೆದರೆ ಹೊಸದು ಹಾಕುತ್ತೀಯ, ನನ್ನ ಮೊಣಕಾಲಿಗೂ ಹಾಕು ಅಂದಳು. ಮೋನಪ್ಪ ಬೆವೆತುಹೋದ. "ಯವ್ವಾ, ಇದು ಕಟಗಿ ಅಲ್ಲ" ಅಂದ. ಆದರೆ ಅವನನ್ನು ಭೂಮಿಗೆ ತಂದವಳೂ ಅವಳೇ. ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಮದ್ದು ಕುಡಿಸಿ ಮಲಗಿಸಿ, ಸವೆದದ್ದನ್ನು ತೆಗೆದು, ಹುಣಸೆಮರದ ಗಟ್ಟಿ ಚೇಗಿನಲ್ಲಿ ಕೆತ್ತಿದ ಕೀಲು ಕೂಡಿಸಿದನಂತೆ. ಎಮ್ಮೆಕೊಂಬಿನದು ಅನ್ನುವವರೂ ಇದ್ದಾರೆ. ಕಂಡವರು ಯಾರೂ ಉಳಿದಿಲ್ಲ, ಹಾಗಾಗಿ ಆ ಜಗಳ ಇನ್ನೂ ಮುಗಿದಿಲ್ಲ.

ಗಾಯ ಪೂರ್ತಿ ಮಾಗುವ ಮೊದಲೇ ಮೋನಪ್ಪ ಅವಳನ್ನು ಎಬ್ಬಿಸಿ ನಡೆಸಿದ. ಅವಳು ಬೈದಳು, ಅತ್ತಳು, ನಡೆದಳು. ಕುಕ್ಕರಗಾಲಲ್ಲಿ ಮಾತ್ರ ಕೂರಲಾಗದು ಅಂತ ಅವನು ಹೇಳಿದ್ದನಂತೆ. ನಡೆಯುವ ಖುಷಿಯಲ್ಲಿ ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ನೀಲವ್ವನಿಗೆ ನೋವು ಬಂತು. ತಿಪ್ಪವ್ವ ಗುಡ್ಡ ಹತ್ತಿದಳು, ತನ್ನ ಕಾಲ ಮೇಲೇ! ಒಳಗೆ ಹೋಗಿ ಕುಕ್ಕರಗಾಲಲ್ಲಿ ಕೂರಲು ನೋಡುತ್ತಾಳೆ, ಕಾಲು ಅಷ್ಟು ಮಡಚಲೊಲ್ಲದು. ಕೂಸಿನ ತಲೆ ಕಾಣುತ್ತಿದೆ, ಕೈ ಎಟುಕುತ್ತಿಲ್ಲ. ಇಷ್ಟೆಲ್ಲ ಪಡಿಪಾಟಲು ಪಟ್ಟು ಇದೂ ಹೋಯಿತೇ ಅಂತ ಅವಳ ಎದೆ ಒಡೆದುಹೋಯಿತು.

ನೀಲವ್ವನ ಅತ್ತೆ ಅಲ್ಲೇ ನಿಂತಿದ್ದಳು. ಯಾರ ಮುಂದೂ ತಲೆ ತಗ್ಗಿಸದ ಗೌಡಸಾನಿ ಅವಳು. ಅಂಥವಳು ನೆಲಕ್ಕೆ ಅಂಗೈ ಊರಿ, ಮಂಡಿಯೂರಿ, ಬೆನ್ನು ಕೊಟ್ಟಳಂತೆ. "ಕೂಡು ಯವ್ವಾ, ನನ್ನ ಮ್ಯಾಲೆ ಕೂಡು" ಅಂದಳಂತೆ. ತಿಪ್ಪವ್ವ ಕೂತಳು. ಕೂಸು ಬಂತು, ಗುಡ್ಡದ ಕೆಳಗಿನವರಿಗೂ ಕೇಳುವಂತೆ ಅತ್ತಿತು.

ಈಗ ಆ ಊರಿನವರು ಹೆರಿಗೆಗೆ ಆಸ್ಪತ್ರೆಗೆ ಹೋಗುತ್ತಾರೆ, ಮೊಣಕಾಲು ಬದಲಾಯಿಸಿಕೊಳ್ಳುವುದಕ್ಕೂ ಅಲ್ಲಿಗೇ. ಆದರೂ ಸೊಸೆಗೆ ನೋವು ಬಂತೆಂದರೆ, ಗಾಡಿ ಹೊರಡುವ ಮೊದಲು ಅತ್ತೆಯಾದವಳು ಪಡಸಾಲೆಯಲ್ಲಿ ಅಂಗೈ ಊರಿ ಬಾಗುತ್ತಾಳೆ. ಮಂಡಿ ನೋಯುವವಳಾದರೆ ಯಾರದಾದರೂ ಕೈ ಹಿಡಿದು ಬಾಗುತ್ತಾಳೆ. "ಕೂಡು ಯವ್ವಾ" ಅನ್ನುತ್ತಾಳೆ. ತಿಪ್ಪವ್ವ ಬಂದು ಕೂತಳು ಅನ್ನಿಸಿದ ಮೇಲೇ ಏಳುತ್ತಾಳೆ.