ಪಾಯಿಂಟ್ ಮೂವತ್ತೈದರ ನಲ್ಲಿ

ಊರಿಗೊಂದು ನಲ್ಲಿ ಮಂಜೂರಾಯಿತು. ಹಾಕಬೇಕಾದವನು ಫಿಟ್ಟರ್ ದ್ಯಾಮಣ್ಣ. ಊರಿನ ದಾರಿ ಸರಿಯಾಗಿ ಒಂದು ಕಿಲೋಮೀಟರು. ಸೊನ್ನೆಯ ಕಲ್ಲು ನೇಕಾರರ ಕೇರಿಯಲ್ಲಿ, ಒಂದರ ಕಲ್ಲು ಪುಟ್ಟೇಗೌಡರ ಬಾಗಿಲಲ್ಲಿ. ನಲ್ಲಿ ನಟ್ಟನಡುವೆ, ಅಂದರೆ ಪಾಯಿಂಟ್ ಐದರಲ್ಲಿ ಎಂದು ತೀರ್ಮಾನವಾಗಿತ್ತು.

ಗೌಡರು ಪಂಚಾಯಿತಿ ಸಭೆಯಲ್ಲೇ ಗುಡುಗಿದರು. "ನಡುವೆ ಗಿಡುವೆ ಆಗಲ್ಲ. ನನ್ನ ಮನೆ ಕಡೆಗೇ ಬರಬೇಕು!"

ಗೌಡರ ಹಿತ್ತಲಲ್ಲಿ ಬಾವಿಯಿತ್ತು. ಕೇರಿಯ ಹೆಂಗಸರಿಗೆ ದೂರದ ಕೆರೆಯೇ ಗತಿ. ಅವರ ಸಪ್ಪೆ ಮುಖ ನೋಡಿ ದ್ಯಾಮಣ್ಣನಿಗೆ ಸಂಕಟವಾಯಿತು. ಕೈಮುಗಿದು ಕೇಳಿದ. "ನೀವೇ ಹೇಳಿ ಗೌಡ್ರೇ. ಪಾಯಿಂಟ್ ಐದೇ ಇರಲೋ, ಪಾಯಿಂಟ್ ಮೂವತ್ತೈದು ಮಾಡಲೋ?"

"ಐದೆಲ್ಲಿ, ಮೂವತ್ತೈದೆಲ್ಲಿ! ಮೂವತ್ತೈದೇ ಹಾಕು. ಇನ್ನು ಯಾರೂ ಬದಲಾಯಿಸಕೂಡದು."

ಸಭೆ ಒಪ್ಪಿತು. ನಲ್ಲಿ ಬಂತು. ನೋಡಲು ಹೊರಟ ಗೌಡರು ನಡೆದೇ ನಡೆದರು. ಅರ್ಧ ದಾರಿ ದಾಟಿದ ಮೇಲೆ ಹೆಂಗಸರ ನಗು ಕೇಳಿಸಿತು.

"ಏನೋ ದ್ಯಾಮ, ಮೋಸ ಮಾಡಿದೆಯಾ?"

"ಇಲ್ಲ ಗೌಡ್ರೇ. ದಾರೀನ ನೂರು ಪಾಲು ಮಾಡಿದ್ರೆ ಪಾಯಿಂಟ್ ಐದು ಅಂದ್ರೆ ಐವತ್ತನೇ ಪಾಲು. ನೀವು ಕೇಳಿದ್ದು ಮೂವತ್ತೈದನೇದು."

ಗೌಡರು ಬೆರಳು ಮಡಚಿ ಎಣಿಸಿದರು. ಬೆವರು ಒರೆಸಿಕೊಂಡರು. ಕೇರಿಯ ನಿಂಗವ್ವ ಚೆಂಬು ತುಂಬಿ ಕೊಟ್ಟಳು. ಗಟಗಟ ಕುಡಿದರು.

"ನೀರೇನೋ ಸಿಹಿಯಾಗಿದೆ," ಎಂದರು. "ಇನ್ನು ಮೇಲೆ ನನ್ನ ಕೇಳೋ ಮುಂಚೆ ನೆಲದ ಮೇಲೊಂದು ಗೀಟು ಎಳೆದು ತೋರಿಸಯ್ಯ!"