ಆರು ಲೋಟ ಸುಣ್ಣದ ತಿಳಿ

ಕಡಲಂಚಿಗೊಂದು ಆಶ್ರಮ. ಅಲ್ಲಿ ದೇವರ ಕೋಣೆಗಿಂತ ದೊಡ್ಡದಾದ ಗಾಜಿನ ತೊಟ್ಟಿ, ಅದರೊಳಗೆ ಜೀವಂತ ಹವಳ.

ಲಂಗರಿಗೆ ಸಿಕ್ಕಿ ಮುರಿದ ಹವಳದ ತುಂಡುಗಳನ್ನು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ತಂದು, ಸಾಕಿ, ಬಲಿತ ಮೇಲೆ ಮತ್ತೆ ಕಡಲಿಗೆ ಬಿಡುವುದು ಗುರು ಶೀನಪ್ಪಯ್ಯನವರ ತಪಸ್ಸು. ಬೇರೆ ತಪಸ್ಸು ಅವರಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಒಮ್ಮೆ ಅವರು ತಿಂಗಳ ಮಟ್ಟಿಗೆ ಊರು ಬಿಡಬೇಕಾಯಿತು. ಶಿಷ್ಯೆ ವಾರಿಜಾಳನ್ನು ಕರೆದರು.

“ದಿನಾ ಬೆಳಿಗ್ಗೆ ತೊಟ್ಟಿಗೆ ಆರು ಲೋಟ ಸುಣ್ಣದ ತಿಳಿನೀರು, ಹನಿಹನಿಯಾಗಿ. ಹವಳ ಮೈ ಕಟ್ಟೋದು ಅದರಿಂದಲೇ.”

ಗುರುಗಳು ಹೇಳಿದರು ಅಂದಮೇಲೆ ಮುಗಿಯಿತಲ್ಲ! ವಾರಿಜಾ ಒಂದು ದಿನವೂ ತಪ್ಪಿಸಲಿಲ್ಲ.

ಹತ್ತನೇ ದಿನ ಮೀನುಗಾರರು ಬಂದು ಬಲಿತ ಹವಳಗಳನ್ನೆಲ್ಲ ಕಡಲಿಗೆ ಬಿಡಲು ಒಯ್ದರು. ತೊಟ್ಟಿಯಲ್ಲಿ ಉಳಿದದ್ದು ಹನ್ನೆರಡು ಎಳೆಯ ತುಂಡು. ಉಣ್ಣುವ ಬಾಯಿ ಕಡಿಮೆಯಾಯಿತು, ಬಡಿಸುವ ಕೈ ನಿಲ್ಲಲಿಲ್ಲ.

ಅಡುಗೆಯ ಗಿರಿಜಕ್ಕ ತಡೆಯಲಾರದೆ ಕೇಳಿದಳು: “ಗಾಜಿಗೆಲ್ಲ ಸುಣ್ಣ ಕೂತಿದೆಯಲ್ಲೇ ತಾಯಿ, ಸ್ವಲ್ಪ ಕಡಿಮೆ ಮಾಡಬಾರದಾ?”

“ಗುರುಗಳ ಮಾತು ಮೀರೋಕೆ ನಾನ್ಯಾರಕ್ಕ?”

ನೀರಿನ ಕ್ಷಾರ ಎಷ್ಟೆಂದು ಹೇಳುವ ಪಿಎಚ್ ಎಂಟೂಕಾಲು ಇದ್ದದ್ದು ಎಂಟೂವರೆಯಾಯಿತು. ಆಮೇಲೆ ಎಂಟೂಮುಕ್ಕಾಲು. ಅರಳಿಕೊಂಡಿದ್ದ ಹವಳಗಳು ಮುದುಡಿದವು. ವಾರಿಜಾಳಿಗೆ ರಾತ್ರಿ ನಿದ್ದೆಯಿಲ್ಲ. ಆದರೂ ಬೆಳಗಾದರೆ ಆರು ಲೋಟ!

ಗುರುಗಳು ಬರುವ ಹೊತ್ತಿಗೆ ನಾಲ್ಕು ತುಂಡು ಬೆಳ್ಳಗೆ ಬಿಳಿಚಿ ಸತ್ತಿದ್ದವು. ಎಂಟು ಇನ್ನೂ ಜೀವ ಹಿಡಿದುಕೊಂಡಿದ್ದವು.

“ನೀವು ಹೇಳಿದಷ್ಟೇ ಹಾಕಿದೆ ಗುರುಗಳೇ! ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ!” ಅವಳ ದನಿಯಲ್ಲಿ ಅಳುವೂ ಇತ್ತು, ಜಗಳವೂ ಇತ್ತು.

ಶೀನಪ್ಪಯ್ಯ ಅಡುಗೆಮನೆಗೆ ಹೋಗಿ ವಿನೆಗರ್ ಬಾಟಲಿ ತಂದು ಅವಳ ಮುಂದೆ ಹಿಡಿದರು.

“ಪೂರ್ತಿ ಸುರಿ. ಹುಳಿ ಬಿದ್ದರೆ ಕ್ಷಾರ ಈಗಲೇ ಇಳಿಯುತ್ತೆ.”

ವಾರಿಜಾ ಬಾಟಲಿ ತೆಗೆದುಕೊಂಡಳು. ತೊಟ್ಟಿಯ ಕಡೆ ತಿರುಗಿದಳು. ಎಂಟು ಪುಟ್ಟ ಜೀವಗಳು ನೀರಿನ ಸೆಳೆತಕ್ಕೆ ಅಲ್ಲಾಡುವ ಶಕ್ತಿಯೂ ಇಲ್ಲದೆ ಕೂತಿದ್ದವು.

“ಸುರಿಯಲ್ಲ.”

“ಏನಂದೆ?”

“ಸುರಿಯಲ್ಲ ಅಂದೆ. ಇಷ್ಟು ದಿನ ಏರಿದ್ದನ್ನ ಒಂದೇ ಏಟಿಗೆ ಇಳಿಸಿದರೆ ಇವು ತಡ್ಕೊಳ್ಳಲ್ಲ. ಸುಣ್ಣ ನಿಲ್ಲಿಸ್ತೀನಿ. ದಿನಕ್ಕೆರಡು ಕೊಡ ಹೊಸ ಕಡಲ ನೀರು ಬದಲಾಯಿಸ್ತೀನಿ. ನಿಧಾನವಾಗಿ ತಾನೇ ಇಳಿಯಲಿ.”

“ಹೇಳ್ತಿರೋದು ನಿನ್ನ ಗುರು.”

“ಹೇಳೋದು ನೀವು, ಸಾಯೋದು ಇವು!”

ಬಾಯಿಂದ ಬಿದ್ದ ಮಾತಿಗೆ ಅವಳೇ ಬೆಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಗಿರಿಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಾರಿಜಾ ಮಾತ್ರ ತೊಟ್ಟಿಗೆ ಬೆನ್ನು ಕೊಟ್ಟು ಗುರುವಿಗೆ ಎದುರಾಗಿ ನಿಂತಳು. ಕಾಲು ಕದಲಲಿಲ್ಲ.

“ನನ್ನ ಮಾತು ಮೀರಿದವರಿಗೆ ಇಲ್ಲಿ ಜಾಗವಿಲ್ಲ ಅಂದರೆ?”

“ಹೋಗ್ತೀನಿ. ಆದರೆ ಇವತ್ತಲ್ಲ. ಪಿಎಚ್ ಎಂಟೂಕಾಲಿಗೆ ಇಳಿದು ಇವು ಅರಳಿದ ಮೇಲೆ ಹೋಗ್ತೀನಿ. ಅಲ್ಲೀವರೆಗೂ ನೀವು ಕತ್ತು ಹಿಡಿದು ದೂಡಿದರೂ ಹೋಗಲ್ಲ.”

ಶೀನಪ್ಪಯ್ಯ ಅವಳ ಕೈಯಿಂದ ಬಾಟಲಿ ಬಿಡಿಸಿಕೊಂಡು ಗಿರಿಜಕ್ಕನಿಗೆ ಕೊಟ್ಟರು. ಮೂಲೆಯಲ್ಲಿದ್ದ ಎರಡು ಕೊಡಗಳನ್ನು ತಂದು, ಒಂದನ್ನು ಅವಳ ಕೈಗಿತ್ತು ಇನ್ನೊಂದನ್ನು ತಾವೇ ಹೆಗಲಿಗೇರಿಸಿದರು.

“ಸುರಿಯೋಕೆ ಹೋಗಿದ್ದರೆ ನಾನೇ ತಡೀತಿದ್ದೆ. ಬಂದೆಯಾ ಮಗಳೇ? ಒಂದು ತಿಂಗಳಿಂದ ಇವು ನಿನ್ನ ದಾರಿ ಕಾಯ್ತಾ ಇದ್ದವು.”